ಹದಿನಾರು ಗಂಟೆ ಮೇಯುವ ಬಾಯಿ

1899ರ ಮಾರ್ಚ್‌ನಲ್ಲಿ ಜರ್ಮನಿಯ ಚಕ್ರವರ್ತಿಯ ಹೆಸರಿನಲ್ಲಿ ಜಾನುವಾರು ವ್ಯಾಪಾರದ ಬಗ್ಗೆ ಒಂದು ಆಜ್ಞೆ ಹೊರಟಿತು. ಕೊಂಡ 14 ದಿನಗಳೊಳಗೆ ಕುದುರೆಯಲ್ಲಿ ಆರು ಮುಖ್ಯ ದೋಷಗಳಲ್ಲಿ ಯಾವುದೊಂದು ಕಂಡರೂ ಅದನ್ನು ಮಾರಿದವನ ಅಂಗಳಕ್ಕೆ ಹೊಡೆದುಕೊಂಡು ಹೋಗಿ ಕಟ್ಟಿ, ಕೊಟ್ಟ ದುಡ್ಡು ವಾಪಸು ಕೇಳಬಹುದಿತ್ತು. ಆರರಲ್ಲಿ ಐದು ಕಾಯಿಲೆಗಳೇ: ಗ್ಲಾಂಡರ್ಸ್ ಎಂಬ ಅಂಟುರೋಗ, ಮಿದುಳು ಮಂಕಾಗುವ ರೋಗ, ದಮ್ಮು, ಓಡುವಾಗ ಗಂಟಲಲ್ಲಿ ಸಿಳ್ಳೆ ಹೊರಡಿಸುವ ಧ್ವನಿಪೆಟ್ಟಿಗೆಯ ದೋಷ, ಬಿಟ್ಟು ಬಿಟ್ಟು ಬರುವ ಕಣ್ಣುರಿ. ಆರನೆಯದು ಮಾತ್ರ ಚಾಳಿ. ಕುದುರೆ ಗೋದಲಿಯ ಅಂಚನ್ನೋ ಬಾಗಿಲ ಮೇಲ್ತುದಿಯನ್ನೋ ಬಾಚಿಹಲ್ಲಿನಲ್ಲಿ ಕಚ್ಚಿ ಹಿಡಿದು, ಕತ್ತು ಬಿಗಿದು ಹಿಂದಕ್ಕೆ ಜಗ್ಗಿ, ಗಂಟಲಿಂದ ‘ಗುಕ್’ ಎಂದು ಗಾಳಿ ಎಳೆದುಕೊಳ್ಳುವುದು. ಚಕ್ರವರ್ತಿ ಹೋದ, ಎರಡು ಮಹಾಯುದ್ಧಗಳು ಆಗಿಹೋದವು, ಕುದುರೆಗಳ ಜಾಗಕ್ಕೆ ಟ್ರ್ಯಾಕ್ಟರು ಬಂದವು. ಆ ಪಟ್ಟಿ ಮಾತ್ರ 2001ರ ಕೊನೆಯವರೆಗೂ ಕಾನೂನಿನಲ್ಲಿ ಕೂತೇ ಇತ್ತು.

ಮಾರುಕಟ್ಟೆಯ ಕಣ್ಣು ಈಗಲೂ ಹೆಚ್ಚೇನೂ ಬದಲಾಗಿಲ್ಲ. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಟ್ಯಾಟರ್‌ಸಾಲ್ಸ್ ಸಂಸ್ಥೆ ನಡೆಸುವ ಹರಾಜಿನಲ್ಲಿ ಗಾಳಿ ಎಳೆಯುವ, ನಿಂತಲ್ಲೇ ತೂಗುವ, ಕೋಣೆಯೊಳಗೇ ಸುತ್ತುವ ಕುದುರೆಯನ್ನು ತಂದವರು ಅದನ್ನು ಮುಂಚಿತವಾಗಿ ಹೇಳಿಕೊಳ್ಳಬೇಕು. ದೋಷ ಕುದುರೆಯದು, ಅದರ ಹೆಸರಿನ ಮುಂದೆಯೇ ಬರೆದಿಡಬೇಕು ಎನ್ನುವ ಲೆಕ್ಕ ಇದು. ಕಳೆದ ಮೂವತ್ತು ನಲವತ್ತು ವರ್ಷಗಳ ಸಂಶೋಧನೆ ಈ ಲೆಕ್ಕವನ್ನು ತಿರುಗಿಸಿದೆ. ಸಾಲದ ಬಾಬ್ತು ಬಹುಮಟ್ಟಿಗೆ ಲಾಯದ್ದು; ಕುದುರೆ ಬರೀ ಜಾಮೀನು ನಿಂತಿದೆ.

ಚಾಳಿಗಳು ಹಲವು, ಎಲ್ಲವೂ ಒಂದೇ ಬಗೆಯವಲ್ಲ. ಮೊದಲು ಹೇಳಿದ, ಗೋದಲಿ ಕಚ್ಚಿ ಗಾಳಿ ಎಳೆಯುವುದು ಕ್ರಿಬ್ಬಿಂಗ್. ಕೆಲವು ಕುದುರೆಗಳಿಗೆ ಕಚ್ಚಲು ಏನೂ ಬೇಡ, ಕತ್ತು ಬಾಗಿಸಿ ಬರಿಬಾಯಲ್ಲೇ ಗಾಳಿ ಎಳೆಯುತ್ತವೆ, ಅದು ವಿಂಡ್‌ಸಕಿಂಗ್. ಅರ್ಧಬಾಗಿಲ ಮೇಲಿಂದ ತಲೆ ಹೊರಹಾಕಿ, ಮುಂಗಾಲುಗಳ ಮೇಲೆ ಭಾರ ಬದಲಿಸುತ್ತ ಕತ್ತನ್ನು ಎಡಕ್ಕೂ ಬಲಕ್ಕೂ ಎಡೆಬಿಡದೆ ತೂಗುವುದು ವೀವಿಂಗ್. ಕೋಣೆಯ ಗೋಡೆಗುಂಟ ಗಾಣದೆತ್ತಿನಂತೆ ಸುತ್ತಿ ಸುತ್ತಿ ನೆಲದಲ್ಲಿ ಜಾಡು ಬೀಳಿಸುವುದು ಬಾಕ್ಸ್‌ವಾಕಿಂಗ್. ಈ ನಾಲ್ಕನ್ನೂ ವಿಜ್ಞಾನಿಗಳು ‘ಸ್ಟೀರಿಯೋಟಿಪಿ’ಗಳೆಂದು ಒಂದೇ ಗುಂಪಿಗೆ ಸೇರಿಸುತ್ತಾರೆ: ಒಂದೇ ಚಲನೆ, ಒಂದೇ ಲಯ, ನೋಡುವವರಿಗೆ ಉದ್ದೇಶವೇ ಕಾಣದ ಪುನರಾವರ್ತನೆ. ಮೃಗಾಲಯದ ಪಂಜರದಲ್ಲಿ ಅತ್ತಿಂದಿತ್ತ ಶತಪಥ ಹಾಕುವ ಚಿರತೆಯದ್ದೂ ಇದೇ ಜಾತಿ. ಮರದ ಪಟ್ಟಿ ಕಡಿದು ತಿನ್ನುವುದು, ಬಾಗಿಲು ಒದೆಯುವುದು, ಹಾಸಿದ ಹುಲ್ಲನ್ನೇ ಮೇಯುವುದು ಈ ಗುಂಪಿಗೆ ಸೇರವು. ಅವಕ್ಕೆ ಕಾರಣಗಳು ಹೆಚ್ಚು ನೇರ. ಮರಿಗಳು ತಾಯಿಯ ಲದ್ದಿ ತಿನ್ನುವುದಂತೂ ಚಾಳಿಯೇ ಅಲ್ಲ. ಅದು ಕರುಳಿಗೆ ಬೇಕಾದ ಸೂಕ್ಷ್ಮಜೀವಿಗಳು ಬಂದು ಸೇರುವ ದಾರಿ, ಹೆದರಬೇಕಾಗಿಲ್ಲ.

ಬಯಲಲ್ಲಿ ತಮ್ಮಷ್ಟಕ್ಕೆ ಮೇಯ್ದುಕೊಂಡಿರುವ ಹಿಂಡುಗಳನ್ನು ವರ್ಷಗಟ್ಟಲೆ ಹಗಲಿರುಳು ನೋಡಿದವರಿದ್ದಾರೆ. ಫ್ರಾನ್ಸಿನ ದಕ್ಷಿಣಕ್ಕೆ, ರೋನ್ ನದಿ ಸಮುದ್ರ ಸೇರುವ ಕಮಾರ್ಗ್ ಜವುಗು ನಾಡಿನ ಬಿಳಿ ಕುದುರೆಗಳ ದಿನಚರಿ ಹಾಗೆ ದಾಖಲಾಗಿದೆ. ಅಂಥ ಹಿಂಡುಗಳಲ್ಲಿ ಕ್ರಿಬ್ಬಿಂಗ್ ಆಗಲಿ ವೀವಿಂಗ್ ಆಗಲಿ ಕಾಣುವುದಿಲ್ಲ. ಕಾಣುವುದು ಮೇಯುವಿಕೆ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು, ಹುಲ್ಲು ತೆಳ್ಳಗಿರುವ ಕಾಲದಲ್ಲಿ 16 ಗಂಟೆಯವರೆಗೂ, ಒಂದೊಂದೇ ಹೆಜ್ಜೆ ಮುಂದಿಡುತ್ತ, ಪಕ್ಕದಲ್ಲಿ ಜೊತೆಗಾರರನ್ನಿಟ್ಟುಕೊಂಡು ಮೇಯುವುದು. ನಿದ್ದೆಗೆ ಮೂರು ನಾಲ್ಕು ಗಂಟೆ ಸಾಕು, ಅದೂ ತುಂಡು ತುಂಡಾಗಿ.

ಇಷ್ಟು ಹೊತ್ತು ಮೇಯುವುದು ಹಸಿವಿನ ಮಾತಷ್ಟೇ ಅಲ್ಲ, ದೇಹದ ಕಟ್ಟೋಣವೇ ಹಾಗಿದೆ. ಹಸು ಗಬಗಬನೆ ಮೇಯ್ದು ಬಂದು, ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತದೆ; ಅದಕ್ಕೆ ಒಳಗೊಂದು ಉಗ್ರಾಣವಿದೆ. ಕುದುರೆಗೆ ಆ ಸೌಲಭ್ಯ ಇಲ್ಲ. ಐನೂರು ಕಿಲೋ ತೂಗುವ ಪ್ರಾಣಿಗೆ ಜಠರ ಹತ್ತು ಹದಿನೈದು ಲೀಟರಿನದ್ದು. ಸ್ವಲ್ಪ ಸ್ವಲ್ಪವಾಗಿ, ನಿಲ್ಲದೆ ಬರುವ ಮೇವಿಗಾಗಿಯೇ ಆದ ಜಠರ ಅದು. ನಮ್ಮ ಹೊಟ್ಟೆಯಲ್ಲಿ ಊಟದ ಸುಳಿವು ಸಿಕ್ಕಾಗ ಆಮ್ಲ ಉಕ್ಕುತ್ತದೆ. ಕುದುರೆಯಲ್ಲಿ ಅದು ಹಗಲು ರಾತ್ರಿ ಜಿನುಗುತ್ತಲೇ ಇರುತ್ತದೆ. ಆಮ್ಲವನ್ನು ತಣಿಸಬೇಕಾದ ಜೊಲ್ಲು ಮಾತ್ರ ಅಗಿಯುವಾಗಲಷ್ಟೇ ಸುರಿಯುತ್ತದೆ. ದಿನವಿಡೀ ಮೇಯುವ ಕುದುರೆಯಲ್ಲಿ ಅದು 35ರಿಂದ 40 ಲೀಟರು. ಬಾಯಿ ನಿಂತರೆ ಜೊಲ್ಲು ನಿಂತಿತು, ಆಮ್ಲ ನಿಲ್ಲಲಿಲ್ಲ. ಜಠರದ ಮೇಲ್ಭಾಗದ ಒಳಪೊರೆಗೆ ಲೋಳೆಯ ರಕ್ಷಣೆಯೂ ಇಲ್ಲ. ತರಬೇತಿಯಲ್ಲಿರುವ ರೇಸ್ ಕುದುರೆಗಳ ಜಠರಕ್ಕೆ ಕ್ಯಾಮೆರಾ ಇಳಿಸಿ ನೋಡಿದ ಅಧ್ಯಯನಗಳಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಕುದುರೆಗಳಿಗೆ ಹುಣ್ಣು ಕಂಡಿದ್ದು ಸುಮ್ಮನೆ ಅಲ್ಲ.

ಈಗ ಲಾಯಕ್ಕೆ ಬನ್ನಿ. ಒಂದು ಕಿಲೋ ಒಣಹುಲ್ಲು ತಿಂದು ಮುಗಿಸಲು ಕುದುರೆಗೆ ಸುಮಾರು 40 ನಿಮಿಷ ಬೇಕು. ಒಂದು ಕಿಲೋ ಓಟ್ಸ್‌ಗೆ ಹತ್ತು ನಿಮಿಷ. ಓಟದ ಕುದುರೆಗೆ ಶಕ್ತಿ ಬೇಕೆಂದು ಕಾಳು ಹೆಚ್ಚಿಸಿ, ಹೊಟ್ಟೆ ಭಾರವಾಗಬಾರದೆಂದು ಹುಲ್ಲು ಕಡಿಮೆ ಮಾಡುತ್ತಾರೆ. ಆರು ಕಿಲೋ ಹುಲ್ಲು, ಆರು ಕಿಲೋ ಕಾಳು ಎಂದಿಟ್ಟುಕೊಳ್ಳಿ: ನಾಲ್ಕು ಗಂಟೆ, ಮತ್ತೊಂದು ಗಂಟೆ. ಅಲ್ಲಿಗೆ ಬಾಯಿಯ ಕೆಲಸ ಮುಗಿಯಿತು. ಬೆಳಗಿನ ಜಾವ ಟ್ರ್ಯಾಕಿನ ಮೇಲೆ ಗಂಟೆ ಹೊತ್ತು ಕಸರತ್ತು, ಮೈ ತಿಕ್ಕಿಸಿಕೊಳ್ಳಲು ಅರ್ಧ ಗಂಟೆ. ಉಳಿದದ್ದೆಲ್ಲ ನಾಲ್ಕು ಗೋಡೆಗಳ ನಡುವೆ ನಿಲ್ಲುವ ಹೊತ್ತು. ಪೌಷ್ಟಿಕಾಂಶದ ಪಟ್ಟಿಯಲ್ಲಿ ಈ ಕುದುರೆಗೆ ಏನೂ ಕೊರತೆಯಿಲ್ಲ, ಮೈ ಮಿರಮಿರ ಹೊಳೆಯುತ್ತಿದೆ. ಹತ್ತು ಗಂಟೆಯ ಅಗಿತ ಎಲ್ಲಿಗೆ ಹೋಗಬೇಕು ಎಂಬ ಸಾಲಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಹೊಟ್ಟೆಯ ವಿಷಯದಲ್ಲಿ ಕುದುರೆಯನ್ನು ತಪ್ಪಾಗಿ ಓದುವುದು ನಮ್ಮ ದೇಶಕ್ಕೂ ಹೊಸದಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ತಮಿಳು ಕರಾವಳಿಯ ಅರಸರು ಹೊರ್ಮುಜ್ ಕಡೆಯಿಂದ ಸಾವಿರಗಟ್ಟಲೆ ಕುದುರೆ ತರಿಸುತ್ತಾರೆಂದೂ, ಆರೈಕೆ ತಿಳಿಯದೆ ಅವು ಬಹುಬೇಗ ಸಾಯುತ್ತವೆಂದೂ, ಅನ್ನದ ಜೊತೆ ಬೇಯಿಸಿದ ಮಾಂಸ ತಿನ್ನಿಸುತ್ತಾರೆಂದೂ ಬರೆದಿಟ್ಟಿದ್ದಾನೆ. ಕಡಲಾಚೆಯಿಂದ ಕುದುರೆ ತರಿಸುವ ವ್ಯಾಪಾರ ಮುಂದೆ ವಿಜಯನಗರದ ಕಾಲಕ್ಕೆ ಭಟ್ಕಳ, ಗೋವೆಗಳ ಮೂಲಕ ನಡೆಯಿತು. ನಮ್ಮ ಸೀಮೆಯಲ್ಲಿ ಕುದುರೆಗೆ ಬೇಯಿಸಿದ ಹುರುಳಿಯೇ ಬಲದ ಆಹಾರ. ಹುರುಳಿ ಒಳ್ಳೆಯ ಕಾಳು, ಅನುಮಾನವಿಲ್ಲ. ಆದರೆ ಬೆಂದ ಕಾಳು ಬಾಯಲ್ಲಿ ನಿಲ್ಲುವುದಿಲ್ಲ, ನುಣ್ಣಗೆ ಜಾರಿಹೋಗುತ್ತದೆ. ಜಟಕಾ ಕುದುರೆಗೆ ಮೂತಿಗೆ ಕಟ್ಟುವ ಚೀಲದಲ್ಲಿ, ತೋಬರದಲ್ಲಿ, ಕಾಳು ಕೊಟ್ಟರೂ ದಿನವಿಡೀ ಬೀದಿ, ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ಹತ್ತು ಕುದುರೆ, ಬಿಡುವಿದ್ದಾಗ ಹಸಿಹುಲ್ಲಿನ ಕಂತೆ. ಅದರ ಕಷ್ಟಗಳು ಬೇರೆ, ಮತ್ತು ಹೆಚ್ಚು ಕ್ರೂರ. ಏಕಾಂತದ ಕಷ್ಟ ಮಾತ್ರ ಅದಕ್ಕಿರಲಿಲ್ಲ. ಬೆಲೆಬಾಳುವ ಕುದುರೆಯೇ ಹೆಚ್ಚು ಒಂಟಿ.

ಹುಲ್ಲಿನ ಕೊರತೆಗೂ ಒಂಟಿತನಕ್ಕೂ ಚಾಳಿಯೊಡನೆ ನಂಟಿದೆ ಎಂಬುದು ಬರಿಯ ಊಹೆಯಲ್ಲ ಎಂದು ತೋರಿಸಿದ್ದು ಬ್ರಿಟನ್ನಿನಲ್ಲಿ ಪಾಲ್ ಮೆಕ್‌ಗ್ರೀವಿ, ಕ್ರಿಸ್ಟೀನ್ ನಿಕೋಲ್ ಮತ್ತು ಸಂಗಡಿಗರು ರೇಸ್ ಕುದುರೆಗಳ ಲಾಯಗಳ ಮೇಲೆ ನಡೆಸಿ 1995ರಲ್ಲಿ ಪ್ರಕಟಿಸಿದ ಸಮೀಕ್ಷೆ. ದಿನಕ್ಕೆ 6.8 ಕಿಲೋಗಿಂತ ಕಡಿಮೆ ಹುಲ್ಲು ಕೊಡುವ ಲಾಯಗಳಲ್ಲಿ ಚಾಳಿಗಳು ಹೆಚ್ಚು. ಭತ್ತದ ಹುಲ್ಲಿನಂಥ ಒಣಹುಲ್ಲು ಹಾಸುವ ಬದಲು ಬೇರೇನನ್ನೋ ಹಾಸುವಲ್ಲಿಯೂ ಹೆಚ್ಚು. ಹಾಸಿಗೆ ಹುಲ್ಲಿನದ್ದಾದರೆ ಕುದುರೆ ಅದರಲ್ಲೇ ಬಾಯಾಡಿಸಿಕೊಂಡಿರುತ್ತದಲ್ಲ. ಪಕ್ಕದ ಕುದುರೆ ಕಾಣದಂತೆ, ಮೂಗು ತಾಗದಂತೆ ಕಟ್ಟಿದ ಕೋಣೆಗಳಲ್ಲಿಯೂ ಹೆಚ್ಚು. ಕೊನೆಯ ಅಂಶ ಗಮನಿಸಿ: ಜಗಳವಾಡದಿರಲಿ, ಸೋಂಕು ಹರಡದಿರಲಿ ಎಂದು ಖರ್ಚು ಮಾಡಿ ಎತ್ತರಿಸಿದ ಗೋಡೆಗಳೇ ಚಾಳಿಯನ್ನು ಸಾಕುತ್ತಿದ್ದವು.

ಸಮೀಕ್ಷೆಗೆ ಒಂದು ಮಿತಿಯಿದೆ. ಹುಲ್ಲು ಕಡಿಮೆಯಾದ್ದರಿಂದ ಚಾಳಿ ಬಂತೋ, ಚಾಳಿಯಿದ್ದ ಕುದುರೆಗೆ ಯಜಮಾನ ಮೇವು ಬದಲಿಸಿದನೋ ಅದು ಹೇಳಲಾರದು. ಅದಕ್ಕೆ ಮರಿಗಳನ್ನು ಹುಟ್ಟಿನಿಂದಲೇ ಹಿಂಬಾಲಿಸಬೇಕು. ಅಮಾಂಡಾ ವಾಟರ್ಸ್, ನಿಕೋಲ್ ಮತ್ತು ಫ್ರೆಂಚ್ ಎಂಬ ಇನ್ನೊಬ್ಬರು 225 ಎಳೆಗುದುರೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿ 2002ರಲ್ಲಿ ವರದಿ ಕೊಟ್ಟರು. ನೂರಕ್ಕೆ ಹತ್ತರಷ್ಟು ಮರಿಗಳು ಕ್ರಿಬ್ಬಿಂಗ್ ಹಿಡಿದವು. ಶುರುವಾದ ವಯಸ್ಸು ಸರಾಸರಿ 20 ವಾರದ ಆಸುಪಾಸು. ವೀವಿಂಗ್ 60 ವಾರದ ಹೊತ್ತಿಗೆ, ಬಾಕ್ಸ್‌ವಾಕಿಂಗ್ ಅದಕ್ಕೂ ಸ್ವಲ್ಪ ಆಮೇಲೆ.

ಇಪ್ಪತ್ತು ವಾರ ಎಂದರೆ ಐದು ತಿಂಗಳು. ಸ್ಟಡ್‌ಫಾರ್ಮುಗಳಲ್ಲಿ ಮರಿಯನ್ನು ತಾಯಿಯಿಂದ ಬಿಡಿಸುವುದು ಸುಮಾರು ಇದೇ ವಯಸ್ಸಿಗೆ. ತಮ್ಮಷ್ಟಕ್ಕೆ ಬಿಟ್ಟರೆ ತಾಯಿಯೇ ಮುಂದಿನ ಮರಿ ಹುಟ್ಟುವ ಹೊತ್ತಿಗೆ, ಒಂಬತ್ತು ಹತ್ತು ತಿಂಗಳಿಗೆ, ಹಾಲು ಬಿಡಿಸುತ್ತದೆ. ಹಾಲು ಬಿಟ್ಟ ಮೇಲೂ ಮರಿ ಹಿಂಡಿನಲ್ಲೇ ಇರುತ್ತದೆ. ಫಾರ್ಮಿನಲ್ಲಿ ಒಂದು ಬೆಳಿಗ್ಗೆ ತಾಯಿ ಇಲ್ಲ, ಹಾಲು ಇಲ್ಲ, ಬಯಲೂ ಇಲ್ಲ, ಎದುರಿಗೆ ಸಿಹಿಯಾದ ಕಾಳಿನ ಬಕೀಟು. ಈ ನಾಲ್ಕು ಬದಲಾವಣೆಗಳನ್ನು ಸಂಶೋಧಕರು ಬಿಡಿಸಿ ನೋಡಿದರು. ಹಾಲು ಬಿಡಿಸಿದ ಕೂಡಲೇ ಕಾಳು ತಿನ್ನಲು ಹಚ್ಚಿದ ಮರಿಗಳಲ್ಲಿ ಕ್ರಿಬ್ಬಿಂಗ್ ಸಾಧ್ಯತೆ ನಾಲ್ಕು ಪಟ್ಟು ಏರಿತ್ತು. ಕೋಣೆಯಲ್ಲಿ ಕೂಡಿಹಾಕಿ ಹಾಲು ಬಿಡಿಸಿದ ಮರಿಗಳಿಗಿಂತ ಬೇಲಿ ಹಾಕಿದ ಹುಲ್ಲುಬಯಲಲ್ಲಿ, ಪ್ಯಾಡಕ್‌ನಲ್ಲಿ, ಬಿಡಿಸಿದವು ಎಷ್ಟೋ ನೆಮ್ಮದಿಯಾಗಿದ್ದವು. ಇನ್ನೊಂದು ಸಂಗತಿ ಯಾರೂ ನಿರೀಕ್ಷಿಸಿರಲಿಲ್ಲ: ಹಿಂಡಿನಲ್ಲಿ ದರ್ಪದಿಂದ ಮೆರೆಯುವ ತಾಯಿಯ ಮರಿಗಳಿಗೇ ಚಾಳಿ ಹೆಚ್ಚು, ಬಾಲ ತಗ್ಗಿಸಿಕೊಂಡಿರುವ ತಾಯಿಯ ಮರಿಗಳಿಗೆ ಕಡಿಮೆ.

ಅದೇ ತಂಡ ಕ್ರಿಬ್ಬಿಂಗ್ ಇದ್ದ ಮರಿಗಳ ಜಠರದೊಳಗೂ ನೋಡಿತು. ಚಾಳಿಯಿಲ್ಲದ ಮರಿಗಳಿಗೆ ಹೋಲಿಸಿದರೆ ಇವುಗಳ ಒಳಪೊರೆ ಹೆಚ್ಚು ಕೆಂಪಾಗಿತ್ತು, ಹುಣ್ಣುಗಳಿದ್ದವು. ಆಮ್ಲಶಾಮಕ ಬೆರೆಸಿದ ಆಹಾರ ಕೊಟ್ಟಾಗ ಹೊಟ್ಟೆ ಸುಧಾರಿಸಿತು, ಕಚ್ಚುವುದೂ ತಗ್ಗುವ ಲಕ್ಷಣ ತೋರಿತು. ಹಾಗಾದರೆ ಕುದುರೆ ಗೋದಲಿ ಕಚ್ಚುವುದು ಹೊಟ್ಟೆಯುರಿಗೆ ಜೊಲ್ಲು ಇಳಿಸಿಕೊಳ್ಳಲಿಕ್ಕಾಗಿಯೇ? ಎಷ್ಟು ಚೆಂದದ ವಿವರಣೆ! ಅಷ್ಟು ಚೆಂದವಾಗಿರುವುದಕ್ಕೇ ಅನುಮಾನದಿಂದ ನೋಡಬೇಕು. ಮುಂದೆ ಅಮೆರಿಕದಲ್ಲಿ ವಯಸ್ಕ ಕುದುರೆಗಳನ್ನು ಪರೀಕ್ಷಿಸಿದಾಗ ಚಾಳಿಯಿದ್ದವಕ್ಕೂ ಇಲ್ಲದವಕ್ಕೂ ಹುಣ್ಣಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ನನಗೆ ತೋರುವುದು ಇಷ್ಟು: ಶುರುವಾಗುವುದಕ್ಕೆ ಹೊಟ್ಟೆ ಕಾರಣವಾಗಿರಬಹುದು, ಮುಂದುವರಿಯುವುದಕ್ಕೆ ಹೊಟ್ಟೆಯ ಅಪ್ಪಣೆ ಬೇಕಾಗಿಲ್ಲ. ಹೊಟ್ಟೆ ವಾಸಿಯಾದರೂ ಹಲ್ಲು ಮರವನ್ನು ಮರೆಯುವುದಿಲ್ಲ.

ಮರೆಯದಿರುವುದಕ್ಕೆ ಕಾರಣ ತಲೆಯೊಳಗಿದೆ. 1987ರಲ್ಲಿ ನಿಕೊಲಾಸ್ ಡಾಡ್‌ಮನ್ ಮತ್ತು ಜೊತೆಗಾರರು ಕ್ರಿಬ್ಬಿಂಗ್ ಕುದುರೆಗಳಿಗೆ ಅಫೀಮಿನ ಪರಿಣಾಮವನ್ನು ತಡೆಯುವ ಔಷಧಿ ಚುಚ್ಚಿದರು. ಕುದುರೆಗಳು ಕಚ್ಚುವುದನ್ನು ನಿಲ್ಲಿಸಿಬಿಟ್ಟವು, ಔಷಧಿ ಇಳಿಯುವವರೆಗೆ. ಮಿದುಳು ತಾನೇ ತಯಾರಿಸಿಕೊಳ್ಳುವ ಅಫೀಮಿನಂಥ ರಾಸಾಯನಿಕಗಳಿಗೂ ಈ ಚಾಳಿಗೂ ನಂಟಿದೆ ಎಂಬುದಕ್ಕೆ ಅದು ಮೊದಲ ಗಟ್ಟಿ ಸುಳಿವು. ಚಿಕಿತ್ಸೆಯಾಗಿ ಅದು ದುಬಾರಿ, ಕ್ಷಣಿಕ. ಆಮೇಲೆ 2005ರಲ್ಲಿ ಸೆಬಾಸ್ಟಿಯನ್ ಮೆಕ್‌ಬ್ರೈಡ್, ಆಂಡ್ರ್ಯೂ ಹೆಮಿಂಗ್ಸ್ ಇಬ್ಬರೂ ಮಿದುಳಿನ ಆಳದಲ್ಲಿ, ಅಭ್ಯಾಸ ಮತ್ತು ಬಹುಮಾನಗಳ ಲೆಕ್ಕ ನಡೆಯುವ ಜಾಗದಲ್ಲಿ, ಡೋಪಮಿನ್ ಹಿಡಿಯುವ ಗ್ರಾಹಕಗಳ ಹಂಚಿಕೆಯೇ ಕ್ರಿಬ್ಬಿಂಗ್ ಕುದುರೆಗಳಲ್ಲಿ ಬೇರೆಯಾಗಿರುವುದನ್ನು ಕಂಡರು. ಎರಡು ವರ್ಷದ ನಂತರದ ಇನ್ನೊಂದು ಪ್ರಯೋಗದಲ್ಲಿ ಕುದುರೆಗಳಿಗೆ ಒಂದು ಕೆಲಸ ಮಾಡಿದರೆ ತಿನಿಸು ಸಿಗುತ್ತದೆಂದು ಕಲಿಸಿ, ಆಮೇಲೆ ತಿನಿಸು ನಿಲ್ಲಿಸಿದರು. ಮಾಮೂಲಿ ಕುದುರೆಗಳು ಸ್ವಲ್ಪ ಹೊತ್ತು ಯತ್ನಿಸಿ ಬಿಟ್ಟುಕೊಟ್ಟವು. ಕ್ರಿಬ್ಬಿಂಗ್ ಕುದುರೆಗಳು ಬಿಡಲಿಲ್ಲ. ಬರಿಗೈಗೇ ಮತ್ತೆ ಮತ್ತೆ ಅದೇ ಕೆಲಸ. ಹಠಮಾರಿತನವೆಂದು ಕುದುರೆ ನೋಡಿಕೊಳ್ಳುವ ಸೈಸ್‌ಗಳು ಬೈಯುವುದು ಇದನ್ನೇ ಇರಬೇಕು. ಒಮ್ಮೆ ಕೂತ ಚಲನೆಯನ್ನು ಅಳಿಸುವ ಯಂತ್ರವೇ ಆ ತಲೆಯಲ್ಲಿ ಸಡಿಲಗೊಂಡಿದೆ.

ಎಲ್ಲ ಕುದುರೆಗೂ ಈ ಗತಿ ಬರುವುದಿಲ್ಲ. ಒಂದೇ ಲಾಯ, ಒಂದೇ ಮೇವು. ಹತ್ತರಲ್ಲಿ ಒಂದು ಕಚ್ಚುತ್ತದೆ, ಒಂಬತ್ತು ಸುಮ್ಮನಿರುತ್ತವೆ. ಒಂದು ಪಾಲು ವಂಶದ್ದು. ಅಮೆರಿಕದಲ್ಲಿ ಕುದುರೆ ಸಾಕುವವರನ್ನು ಕೇಳಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಒಟ್ಟು ಕುದುರೆಗಳಲ್ಲಿ ಶೇಕಡಾ 4.4ಕ್ಕೆ ಕ್ರಿಬ್ಬಿಂಗ್ ಇದ್ದರೆ, ಥರೋಬ್ರೆಡ್ ತಳಿಯಲ್ಲಿ ಶೇಕಡಾ 13.3. ನಮ್ಮ ರೇಸ್‌ಕೋರ್ಸುಗಳಲ್ಲಿ ಓಡುವುದೆಲ್ಲ ಇದೇ ತಳಿ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಜೋಡಿ ಅಂಕಿಯಿದೆ. ‘ಒಂದನ್ನು ನೋಡಿ ಇನ್ನೊಂದು ಕಲಿಯುತ್ತದೆ’ ಎಂದು ನಂಬಿದ್ದ ಮಾಲೀಕರು ಅರ್ಧದಷ್ಟು. ಚಾಳಿಯ ಕುದುರೆಯ ನೆರೆಗೆ ಬಂದ ಮೇಲೆ ನಿಜವಾಗಿ ಚಾಳಿ ಹಿಡಿದ ಕುದುರೆಗಳು ಶೇಕಡಾ 1. ಈ ನಂಬಿಕೆ ನಿರುಪದ್ರವಿಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಅದರ ಫಲವಾಗಿ ಕಚ್ಚುವ ಕುದುರೆಯನ್ನು ಸಾಲಿನ ಕೊನೆಯ ಕೋಣೆಗೆ, ಬೇರೆ ಕುದುರೆ ಕಾಣದ ಮೂಲೆಗೆ ಅಟ್ಟುತ್ತಾರೆ. ಒಂಟಿತನದಿಂದ ಬಂದ ರೋಗಕ್ಕೆ ಮತ್ತಷ್ಟು ಒಂಟಿತನ. ಲಾಯದಲ್ಲಿ ಎರಡು ಮೂರು ಕುದುರೆಗಳು ಒಟ್ಟಿಗೆ ಕಚ್ಚತೊಡಗಿದರೆ, ಅವು ಪರಸ್ಪರ ಕಲಿತವು ಎನ್ನುವ ಮುಂಚೆ ಮೂರಕ್ಕೂ ಒಬ್ಬರೇ ಮೇವು ಹಾಕುತ್ತಿದ್ದಾರೆ ಎಂಬುದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

*

ಚಾಳಿ ಬಿಡಿಸಲು ಮನುಷ್ಯ ಮಾಡಿದ ಉಪಾಯಗಳನ್ನು ನೋಡಿದರೆ ಯಾರ ಹಠ ಹೆಚ್ಚಿನದೋ ಹೇಳುವುದು ಕಷ್ಟ. ಬಾಗಿಲಿಗೆ ಮೆಣಸಿನಕಾಯಿ ಅರೆದು ಬಳಿಯುವುದು, ಡಾಂಬರು ಬಳಿಯುವುದು ಹಗುರ ಉಪಾಯಗಳು. ಗಂಟಲಿಗೆ ಬಿಗಿದು ಕಟ್ಟುವ, ಕತ್ತು ಬಾಗಿಸಿದರೆ ಒತ್ತುವ ಚರ್ಮದ ಪಟ್ಟಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಕರೆಂಟ್ ಶಾಕ್ ಕೊಡುವ ಪಟ್ಟಿಗಳೂ ಬಂದಿವೆ. ಬಾಚಿಹಲ್ಲುಗಳ ನಡುವೆ ಲೋಹದ ಉಂಗುರ ಸಿಕ್ಕಿಸುವವರಿದ್ದಾರೆ. 1926ರಲ್ಲಿ ಸ್ವೀಡನ್ನಿನ ಗೆರ್ಹಾರ್ಡ್ ಫೋರ್ಸೆಲ್ ಎಂಬ ಪಶುವೈದ್ಯ ಕತ್ತಿನ ಕೆಳಭಾಗದ ಸ್ನಾಯುಗಳನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಪ್ರಕಟಿಸಿದ. ಸ್ನಾಯು ಕಡಿಮೆ ತೆಗೆದು ಜೊತೆಗೆ ಒಂದು ನರ ಕತ್ತರಿಸುವ ಪರಿಷ್ಕೃತ ರೂಪದಲ್ಲಿ ಅದು ಈಗಲೂ ಇದೆ. ವೀವಿಂಗ್‌ಗೆ ಬಾಗಿಲ ಮೇಲೆ ‘ವಿ’ ಆಕಾರದ ಸರಳು. ಕತ್ತು ಆ ಸಂದಿಯಲ್ಲಿ ತೂಗಲಾರದು. ಕುದುರೆ ಒಂದು ಹೆಜ್ಜೆ ಹಿಂದೆ ಸರಿದು ಕೋಣೆಯೊಳಗೇ ತೂಗುತ್ತದೆ.

ಪಟ್ಟಿ ಕಟ್ಟಿದರೆ ಕಚ್ಚುವುದು ನಿಲ್ಲುತ್ತದೆ, ನಿಜ. ಬಿಚ್ಚಿದ ಮೇಲೇನಾಗುತ್ತದೆ ಎಂದು ಮೆಕ್‌ಗ್ರೀವಿ, ನಿಕೋಲ್ 1998ರಲ್ಲಿ ನೋಡಿದರು: ಮೊದಲಿಗಿಂತ ಜೋರಾಗಿ ಕಚ್ಚುತ್ತವೆ, ಬಾಕಿ ತೀರಿಸುವ ಹಾಗೆ. ಒಳಗಿನ ಒತ್ತಡ ತಗ್ಗಿರಲಿಲ್ಲ, ಕೂಡಿಬಿದ್ದಿತ್ತು. ಈ ವಿಷಯದಲ್ಲಿ ನನಗೆ ಸಂಶಯವೇ ಉಳಿದಿಲ್ಲ. ಪಟ್ಟಿ, ಉಂಗುರ, ಸರಳುಗಳು ಯಜಮಾನನ ಕಣ್ಣಿಗೆ ಹಿತವಾಗಲು ಇರುವಂಥವು.

ಗಾಳಿ ಕುಡಿದು ಹೊಟ್ಟೆ ಉಬ್ಬುತ್ತದಲ್ಲ, ಅದಕ್ಕಾದರೂ ಪಟ್ಟಿ ಬೇಡವೇ ಎಂದು ಕೇಳುವವರಿದ್ದಾರೆ. 1995ರಲ್ಲಿ ಎಕ್ಸ್‌ರೇ ಚಲನಚಿತ್ರ ಮತ್ತು ಎಂಡೊಸ್ಕೋಪು ಹಿಡಿದು ನೋಡಿದಾಗ ತಿಳಿದದ್ದು ಬೇರೆ. ಕತ್ತಿನ ಸ್ನಾಯು ಬಿಗಿದಾಗ ಅನ್ನನಾಳದ ಮೇಲ್ತುದಿ ತೆರೆದುಕೊಂಡು ಗಾಳಿ ನುಗ್ಗುತ್ತದೆ, ಆ ‘ಗುಕ್’ ಸದ್ದು ನುಗ್ಗುವ ಗಾಳಿಯದು. ಆಮೇಲೆ ಬಹುಪಾಲು ಗಾಳಿ ಬಂದ ದಾರಿಯಲ್ಲೇ ಗಂಟಲಿಗೆ ವಾಪಸಾಗುತ್ತದೆ, ಜಠರಕ್ಕೆ ಇಳಿಯುವುದಿಲ್ಲ.

ಹಾಗಾದರೆ ಲಾಯದಲ್ಲಿ ಬದಲಿಸಬೇಕಾದ್ದೇನು? ಮೊದಲು ಗಡಿಯಾರ ನೋಡಬೇಕು. ಚಾಳಿ ದಿನದ ಯಾವ ಹೊತ್ತಿಗೆ ಜೋರಾಗುತ್ತದೆ ಎಂದು ಒಂದು ವಾರ ಬರೆದಿಟ್ಟರೆ ಅರ್ಧ ರೋಗನಿದಾನವಾದಂತೆ. ಕ್ರಿಬ್ಬಿಂಗ್ ಸಾಮಾನ್ಯವಾಗಿ ಕಾಳು ತಿಂದು ಮುಗಿದ ಕೂಡಲೇ ಏರುತ್ತದೆ, ಅದರಲ್ಲೂ ಬೆಲ್ಲದ ಪಾಕ ಬೆರೆಸಿದ ಸಿಹಿ ದಾಣಿಯಾದರೆ. ವೀವಿಂಗ್ ಏರುವುದು ಕಾಳು ಬರುವ ಮುಂಚೆ, ಬಕೀಟಿನ ಸದ್ದು ಕೇಳಿದಾಗ, ಇಲ್ಲವೇ ಪಕ್ಕದ ಕುದುರೆಯನ್ನು ಹೊರಗೆ ನಡೆಸಿಕೊಂಡು ಹೋದಾಗ. ಒಂದು ಬಾಯಿಗೆ ಸಂಬಂಧಿಸಿದ್ದು, ಇನ್ನೊಂದು ದಾರಿ ಕಾಯುವುದಕ್ಕೆ. ಎರಡಕ್ಕೂ ಒಂದೇ ಔಷಧಿ ಹುಡುಕಿದರೆ ಎಡವುತ್ತೇವೆ. ಕಾಳನ್ನು ಸಣ್ಣ ಸಣ್ಣ ಕಂತುಗಳಾಗಿ ಹಲವು ಸಲ ಕೊಡಿ ಎನ್ನುವುದು ಎಲ್ಲ ಕೈಪಿಡಿಗಳಲ್ಲೂ ಇರುವ ಸಲಹೆ. 2005ರಲ್ಲಿ ಜೊನಾಥನ್ ಕೂಪರ್ ಮತ್ತು ಜೊತೆಗಾರರು ಅದನ್ನು ಪರೀಕ್ಷೆಗೆ ಹಚ್ಚಿದಾಗ ಬಾಯಿಯ ಚಾಳಿ ತಗ್ಗಿತು, ವೀವಿಂಗ್ ಮಾತ್ರ ಹೆಚ್ಚಿತು. ದಿನಕ್ಕೆ ಎರಡು ಸಲ ದಾರಿ ಕಾಯುತ್ತಿದ್ದ ಕುದುರೆ ಈಗ ಆರು ಸಲ ಕಾಯುವಂತಾಯಿತು. ಅವೇ ಲಾಯಗಳಲ್ಲಿ, ಹಳೆಯ ವೇಳೆಯಲ್ಲೇ ಮೇವು ಪಡೆಯುತ್ತಿದ್ದ ನೆರೆಯ ಕುದುರೆಗಳ ತಳಮಳವೂ ಏರಿತು.

ಹುಲ್ಲಿನ ವಿಷಯದಲ್ಲಿ ಇಂಥ ಎರಡು ಮಾತಿಲ್ಲ. ತೂಕದ ನೂರಕ್ಕೆ ಒಂದೂವರೆ ಪಾಲಿನಷ್ಟು ಒಣ ಮೇವು ಕನಿಷ್ಠ ಲೆಕ್ಕ. ಐನೂರು ಕಿಲೋ ಕುದುರೆಗೆ ಏಳೂವರೆ ಕಿಲೋ. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ತೂಗುಹಾಕಿದರೆ ಅದೇ ಹುಲ್ಲು ಎರಡು ಪಟ್ಟು ಹೊತ್ತು ಬರುತ್ತದೆ. ಒಂದೇ ಬಗೆಯ ಹುಲ್ಲಿಗಿಂತ ಹಲವು ಬಗೆಯ ಮೇವನ್ನು ಬೇರೆ ಬೇರೆಯಾಗಿಟ್ಟರೆ ಕುದುರೆ ಅದರಿಂದಿದಕ್ಕೆ ಓಡಾಡುತ್ತ ಮೇಯುತ್ತದೆಂದು ಡೆಬೊರಾ ಗುಡ್‌ವಿನ್ ಅವರ ತಂಡ ತೋರಿಸಿದೆ. ನಮ್ಮಲ್ಲಿ ರೋಡ್ಸ್ ಹುಲ್ಲು, ಕುದುರೆ ಮಸಾಲೆ ಸೊಪ್ಪು, ಗರಿಕೆ ಇವೆಲ್ಲ ಕೈಗೆಟಕುವಂಥವೇ. ಓಟದ ಕುದುರೆಗೆ ಶಕ್ತಿ ಸಾಲದು ಎನ್ನುವ ತರಬೇತುದಾರರ ವಾದಕ್ಕೂ ಉತ್ತರವಿದೆ: ಪಿಷ್ಟದ ಒಂದು ಪಾಲನ್ನು ಅಡುಗೆ ಎಣ್ಣೆಯಿಂದಲೂ, ಬೇಗ ಜೀರ್ಣವಾಗುವ ನಾರಿನಿಂದಲೂ ತುಂಬಬಹುದು.

ಜೊತೆಗಾರಿಕೆಯ ಪ್ರಯೋಗಗಳು ನನಗೆ ಎಲ್ಲಕ್ಕಿಂತ ಇಷ್ಟ, ಖರ್ಚು ಅಷ್ಟು ಕಡಿಮೆ. 2000ದಲ್ಲಿ ಕೂಪರ್, ಡೇನಿಯಲ್ ಮಿಲ್ಸ್ ಮತ್ತು ಇನ್ನೊಬ್ಬರು ವೀವಿಂಗ್ ಕುದುರೆಗಳ ಕೋಣೆಗೆ ಮುಂಬಾಗಿಲಷ್ಟೇ ಅಲ್ಲದೆ ಹಿಂದೆಯೂ ಪಕ್ಕದಲ್ಲೂ ಕಿಂಡಿ ತೆರೆದರು. ಪಕ್ಕದ ಕುದುರೆ ಕಾಣುವಂತಾದಾಗ ತೂಗುವುದು ಬಹುಮಟ್ಟಿಗೆ ನಿಂತಿತು. ಗೋಡೆ ಒಡೆಯಲಾಗದ ಕಡೆ ಏನು ಮಾಡುವುದೆಂದು ಎರಡು ವರ್ಷದ ನಂತರ ಕೋಣೆಯೊಳಗೆ ಒಡೆಯದ ಕನ್ನಡಿ ಹಾಕಿ ನೋಡಿದರು. ಅದೂ ಕೆಲಸ ಮಾಡಿತು! ಕುದುರೆ ಅದರಲ್ಲಿ ಯಾರನ್ನು ಕಾಣುತ್ತದೋ, ಅಂತೂ ನೆಮ್ಮದಿ ಸಿಕ್ಕಿತು. ಹಳೆಯ ರೇಸ್ ಲಾಯಗಳಲ್ಲಿ ಕುದುರೆಯ ಕೋಣೆಗೆ ಆಡೊಂದನ್ನು ಬಿಡುವ ರೂಢಿಯಿತ್ತು, ಕೆಲವೆಡೆ ಈಗಲೂ ಇದೆ. ಅದನ್ನು ಮೂಢನಂಬಿಕೆ ಎಂದು ನಕ್ಕವರಿಗಿಂತ ಆಡು ಬಿಟ್ಟವರೇ ಕುದುರೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಬಾಗಿಲು ಒದೆಯುವ ಕುದುರೆಯ ಕಥೆ ಬೇರೆ. ಅಲ್ಲಿ ಡೋಪಮಿನ್ ಪುರಾಣ ಬೇಕಾಗಿಲ್ಲ. ಒದ್ದಾಗ ಸೈಸ್ ಓಡಿಬಂದು ಬಾಯಿಗೆ ಏನಾದರೂ ಹಾಕುತ್ತಾನೆ, ಬೈದಾದರೂ ಹೋಗುತ್ತಾನೆ. ಕುದುರೆಗೆ ಎರಡೂ ಲಾಭವೇ. ಹತ್ತು ಒದೆತಕ್ಕೆ ಒಂದು ಸಲ ಮೇವು ಸಿಕ್ಕರೂ ಚಾಳಿ ಗಟ್ಟಿಯಾಗುತ್ತದೆ. ನಾಲ್ಕೂ ಕಾಲು ನೆಲದಲ್ಲಿದ್ದಾಗ ಮಾತ್ರ ಬಕೀಟು ಬರಬೇಕು, ಅದೂ ಲಾಯದಲ್ಲಿ ಬರುವ ಪ್ರತಿಯೊಬ್ಬರ ಕೈಯಿಂದಲೂ. ಮರ ಕಡಿಯುವ ಕುದುರೆಗೆ ಇನ್ನೂ ಸುಲಭ: ನಾರು ಕೊಡಿ.

ಇಷ್ಟೆಲ್ಲ ಮಾಡಿದರೂ ವರ್ಷಗಟ್ಟಲೆ ಕಚ್ಚಿದ ಕುದುರೆ ಪೂರ್ತಿ ಬಿಡುವುದು ಅಪರೂಪ. ಚಾಳಿ ತಗ್ಗುತ್ತದೆ, ಅಳಿಯುವುದಿಲ್ಲ. ನಿಜವಾದ ಅವಕಾಶ ಇರುವುದು ಮೊದಲ ವರ್ಷದಲ್ಲಿ, ಸ್ಟಡ್‌ಫಾರ್ಮಿನಲ್ಲಿ. ಕರ್ನಾಟಕಕ್ಕೆ ಈ ಮಾತು ನೇರವಾಗಿ ತಟ್ಟುತ್ತದೆ. ಟಿಪ್ಪು ಸುಲ್ತಾನನ ಅಶ್ವದಳಕ್ಕಾಗಿ ಶುರುವಾದ ಕುಣಿಗಲ್ ಸ್ಟಡ್‌ಫಾರ್ಮ್ ಮುಂದೆ ಬ್ರಿಟಿಷ್ ಸೇನೆಗೆ, ಆಮೇಲೆ ರೇಸ್‌ಗೆ ಕುದುರೆ ಬೆಳೆಸಿದ ನೆಲ. ನಾಲ್ಕು ನೂರು ಎಕರೆ ಮೀರಿದ ಅಲ್ಲಿನ ಹುಲ್ಲುಗಾವಲಿನಂಥ ಬಯಲಲ್ಲಿ ಮರಿ ತಾಯಿಯ ಜೊತೆ ಬೆಳೆಯಬಲ್ಲದು. ನಗರದ ನಟ್ಟನಡುವಿನ ರೇಸ್‌ಕೋರ್ಸಿನ ಲಾಯದಲ್ಲಿ ಅಂಥ ಬಯಲನ್ನು ಸೃಷ್ಟಿಸಲಾಗದು. ಆದ್ದರಿಂದ ಹಾಲು ಬಿಡಿಸುವ ವಾರಗಳನ್ನು ಬಯಲಲ್ಲೇ, ಗುಂಪಿನಲ್ಲೇ, ಹುಲ್ಲಿನ ಮೇಲೆಯೇ ಕಳೆಯಲು ಬಿಟ್ಟ ಫಾರ್ಮು ಮುಂದೆ ಐದಾರು ವರ್ಷ ಬೇರೆಯವರ ಲಾಯದಲ್ಲಿ ಆಗುವ ತಾಪತ್ರಯವನ್ನು ಅಲ್ಲೇ ತಡೆದಂತೆ. ಆ ಲಾಭ ಹರಾಜಿನ ಬೆಲೆಯಲ್ಲಿ ಕಾಣುವುದಿಲ್ಲ ಎಂಬುದೇ ತೊಡಕು.

ಚಾಳಿ ಹತ್ತಿದ ವಯಸ್ಕ ಕುದುರೆ ಮನೆಗೆ ಬಂದಿದ್ದರೆ ಅದನ್ನು ಕಚ್ಚಲು ಬಿಡುವುದೇ ಸರಿ. ಬಾಗಿಲ ಅಂಚಿಗೆ ದಪ್ಪ ರಬ್ಬರು ಹೊದಿಸಿದರೆ ಬಾಚಿಹಲ್ಲು ಸವೆಯುವುದು ತಗ್ಗುತ್ತದೆ. ತೀರ ಸವೆದರೆ ಗಿಡ್ಡ ಹುಲ್ಲು ಕತ್ತರಿಸಿ ತಿನ್ನಲಾಗದೆ ಕುದುರೆ ಬಡಕಲಾಗುತ್ತದೆ. ಸವಾರಿಗೆ, ಓಟಕ್ಕೆ ಅದರಿಂದ ಅಡ್ಡಿಯಿಲ್ಲ, ಕ್ರಿಬ್ಬಿಂಗ್ ಇದ್ದೂ ಪಂದ್ಯ ಗೆದ್ದ ಕುದುರೆಗಳಿಗೆ ಲೆಕ್ಕವಿಲ್ಲ. ಎಚ್ಚರಿಕೆ ಬೇಕಾದ್ದು ಒಂದು ಕಡೆ. ಯಕೃತ್ತಿನ ಬಳಿ ಹೊಟ್ಟೆಯ ಪೊರೆಗಳ ನಡುವೆ ಒಂದು ಸಣ್ಣ ಸೀಳುಗಿಂಡಿಯಿದೆ. ಸಣ್ಣಕರುಳು ಅದರೊಳಗೆ ನುಸುಳಿ ಸಿಕ್ಕಿಹಾಕಿಕೊಂಡರೆ ರಕ್ತ ಹರಿಯುವುದು ನಿಂತು ಕೆಲವೇ ಗಂಟೆಗಳಲ್ಲಿ ಆ ಭಾಗ ಸಾಯುತ್ತದೆ. ಡೆಬ್ರಾ ಆರ್ಚರ್ ಮತ್ತು ಸಂಗಡಿಗರು ಹಲವು ದೇಶಗಳ ಪ್ರಕರಣಗಳನ್ನು ಕೂಡಿಸಿ ನೋಡಿದಾಗ ಈ ಬಗೆಯ ಹೊಟ್ಟೆನೋವಿಗೆ ತುತ್ತಾದವುಗಳಲ್ಲಿ ಕ್ರಿಬ್ಬಿಂಗ್, ವಿಂಡ್‌ಸಕಿಂಗ್ ಕುದುರೆಗಳು ಎದ್ದು ಕಾಣುವಷ್ಟು ಹೆಚ್ಚಿದ್ದವು. ಪರಿಹಾರ ಶಸ್ತ್ರಚಿಕಿತ್ಸೆ ಮಾತ್ರ, ತಡಮಾಡುವಂತಿಲ್ಲ. ಕುದುರೆ ಹೊಟ್ಟೆ ಕಡೆ ತಿರುಗಿ ತಿರುಗಿ ನೋಡುತ್ತ, ನೆಲ ಕೆರೆಯುತ್ತ, ಮೇವು ಮುಟ್ಟದೆ ನಿಂತ ರಾತ್ರಿ ಪಶುವೈದ್ಯರಿಗೆ ಫೋನು ಮಾಡಿದಾಗ ವಯಸ್ಸು, ತೂಕ, ತಳಿಗಿಂತ ಮೊದಲು ಹೇಳಬೇಕಾದ್ದು: ಇದು ಗಾಳಿ ಎಳೆಯುವ ಕುದುರೆ.